ನಲ್ಲಿಯ ಆಚೆ, ಬಚ್ಚಲಿನ ಆಚೆ

ಬೆಂಗಳೂರಿನಲ್ಲಿ ನಾಲ್ಕು ಜನರ ಒಂದು ಕುಟುಂಬ ಇನ್ನು ಮುಂದೆ ಭೂಮಿಗೆ ಭಾರವಾಗದ ಹಾಗೆ ಬದುಕಬೇಕು ಎಂದು ನಿಶ್ಚಯಿಸಿದೆ ಎಂದುಕೊಳ್ಳಿ. ಇಂಥ ನಿಶ್ಚಯ ಮಾಡುವ ಮನೆಗಳು ಈಗ ಕಡಿಮೆಯೇನಿಲ್ಲ. ಆದರೆ ನಿಶ್ಚಯದ ಮರುದಿನವೇ ಹೆಚ್ಚಿನವರು ಹೋಗುವುದು ಅಂಗಡಿಗೆ. ಬಿದಿರಿನ ಹಲ್ಲುಜ್ಜುವ ಬ್ರಷ್ಷು, ಸ್ಟೀಲಿನ ನೀರಿನ ಬಾಟಲಿ, ಹತ್ತಿ ಬಟ್ಟೆಯ ಚೀಲ, ಪರಿಸರಸ್ನೇಹಿ ಎಂದು ಬರೆದಿರುವ ಪಾತ್ರೆ ತೊಳೆಯುವ ದ್ರವ ಮನೆಗೆ ಬರುತ್ತವೆ. ಕೊಂಡವರ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೂ ಮನೆಯ ಹೊರೆಯನ್ನು ಇಳಿಸುವ ಕೆಲಸ ಇನ್ನಷ್ಟು ಸಾಮಾನು ಕೊಳ್ಳುವುದರಿಂದ ಶುರುವಾಗಬಾರದು ಎಂಬುದು ನನ್ನ ವಾದ. ಅದು ಶುರುವಾಗಬೇಕಾದದ್ದು ದಿನವೂ ಮನೆಯೊಳಗೆ ಏನು ಬರುತ್ತದೆ, ಮನೆಯಿಂದ ಏನು ಹೊರಗೆ ಹೋಗುತ್ತದೆ, ಎಷ್ಟು ತೂಕದಲ್ಲಿ ಹೋಗುತ್ತದೆ ಎಂಬ ಲೆಕ್ಕದಿಂದ. ಆ ಲೆಕ್ಕವನ್ನು ನಮ್ಮ ಹೊಸಿಲಲ್ಲಿ ನಿಲ್ಲಿಸದೆ ಕೊಳವೆಯ ಇನ್ನೊಂದು ತುದಿಯವರೆಗೆ, ಕಸದ ಲಾರಿ ಕೊನೆಗೆ ನಿಲ್ಲುವ ಊರಿನವರೆಗೆ ತೆಗೆದುಕೊಂಡು ಹೋದಾಗ, ಯಾವುದನ್ನು ಮೊದಲು ಮಾಡಬೇಕು, ಯಾವುದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂಬುದು ತಾನಾಗಿ ಗೊತ್ತಾಗುತ್ತದೆ.

ಬಟ್ಟೆಯ ಚೀಲವನ್ನೇ ನೋಡಿ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಸಾಧಾರಣ ಹತ್ತಿಯ ಒಂದು ಚೀಲ ಹವಾಮಾನದ ಲೆಕ್ಕದಲ್ಲಿ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಬೇಕಾದರೆ ಅದನ್ನು ಐವತ್ತಕ್ಕೂ ಹೆಚ್ಚು ಸಲ ಬಳಸಬೇಕು. ಪರಿಸರದ ಮೇಲಿನ ಎಲ್ಲ ಬಗೆಯ ಪರಿಣಾಮಗಳನ್ನೂ ಗಣನೆಗೆ ತೆಗೆದುಕೊಂಡರೆ ಆ ಸಂಖ್ಯೆ ಸಾವಿರಗಳಿಗೆ ಏರುತ್ತದೆ. ಇದರರ್ಥ ಪ್ಲಾಸ್ಟಿಕ್ ಒಳ್ಳೆಯದು ಎಂದಲ್ಲ. ಚರಂಡಿ ಕಟ್ಟಿಕೊಳ್ಳುವುದು, ದನದ ಹೊಟ್ಟೆ ಸೇರುವುದು ಪ್ಲಾಸ್ಟಿಕ್ಕೇ. ಕರ್ನಾಟಕ 2016ರಲ್ಲಿ ಅದನ್ನು ನಿಷೇಧಿಸಿದ್ದು ಸರಿಯಾಗಿಯೇ ಇದೆ. ಹಳೆಯ ಪ್ಯಾಂಟನ್ನೋ ಸೀರೆಯನ್ನೋ ಹೊಲಿದು ಮಾಡಿದ ಒಂದು ಚೀಲ ಹರಿಯುವ ತನಕ ಬಾಳಿದರೆ ಅದು ನಿಜವಾದ ಲಾಭ. ಮದುವೆಯಲ್ಲೊಂದು, ಸಮ್ಮೇಳನದಲ್ಲೊಂದು ಎಂದು ಸಿಕ್ಕಿದ ಹದಿನೈದು ಹೊಸ ಚೀಲ ಬೀರುವಿನಲ್ಲಿ ಮಡಿಸಿ ಕೂತರೆ ಅದು ಹೊರೆಯೇ. ಚೀಲದ ಮಾತನ್ನು ಇಲ್ಲಿಗೆ ಬಿಡುತ್ತೇನೆ. ಮನೆಯ ನಿಜವಾದ ಭಾರ ಇರುವುದು ಬೇರೆ ಕಡೆ.

ಒಂದು ಮನೆಯೊಳಗೆ ದಿನವೂ ಬರುವ ವಸ್ತುಗಳಲ್ಲಿ ಎಲ್ಲಕ್ಕಿಂತ ತೂಕದ್ದು ನೀರು. ನಗರಗಳಿಗೆ ನಮ್ಮ ದೇಶದಲ್ಲಿ ಇಟ್ಟುಕೊಂಡಿರುವ ಅಳತೆ ತಲೆಗೆ ದಿನಕ್ಕೆ 135 ಲೀಟರ್. ನಾಲ್ಕು ಜನರಿಗೆ 540 ಲೀಟರ್, ಎಂದರೆ ಅರ್ಧ ಟನ್ನಿಗೂ ಮೇಲೆ. ತಿಂಗಳಿಗೆ ಹದಿನಾರು ಟನ್. ಅಕ್ಕಿ, ಬೇಳೆ, ತರಕಾರಿ, ಹಾಲು, ಸಿಲಿಂಡರು ಎಲ್ಲವನ್ನೂ ಕೂಡಿಸಿದರೂ ಇದರ ಹತ್ತಿರಕ್ಕೆ ಬರುವುದಿಲ್ಲ. ಇಷ್ಟು ಭಾರ ದಿನವೂ ಮನೆಗೆ ಬರುತ್ತಿದ್ದರೂ ನಮ್ಮ ಕಣ್ಣಿಗೆ ಅದು ಬೀಳುವುದಿಲ್ಲ, ಏಕೆಂದರೆ ಅದನ್ನು ನಾವು ಹೊರುವುದಿಲ್ಲ. ಬೆಂಗಳೂರಿನ ಮಟ್ಟಿಗೆ ಅದನ್ನು ಹೊರುವುದು ವಿದ್ಯುತ್ತು. ಊರಿಗೆ ಮೊದಲು ನೀರು ಕೊಡುತ್ತಿದ್ದ ಹೆಸರಘಟ್ಟ ಜಲಾಶಯ, ಆಮೇಲೆ 1933ರಲ್ಲಿ ಬಂದ ತಿಪ್ಪಗೊಂಡನಹಳ್ಳಿ ಜಲಾಶಯ, ಇವೆರಡೂ ಅರ್ಕಾವತಿ ನದಿಯ ನೀರನ್ನು ನಂಬಿದ್ದವು. ಊರು ಬೆಳೆಯುತ್ತ ಹೋದ ಹಾಗೆ ಅವು ಸಾಲಲಿಲ್ಲ, ಅರ್ಕಾವತಿಯೂ ಸೊರಗಿತು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬಂತು. ಅಂದಿನಿಂದ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡ ನೀರು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲೆತ್ತಿಸಿಕೊಂಡು ಸುಮಾರು ನೂರು ಕಿಲೋಮೀಟರ್ ದೂರ ಬರುತ್ತಿದೆ. ಬೆಂಗಳೂರು ಇರುವುದು ಎತ್ತರದ ಪ್ರಸ್ಥಭೂಮಿಯ ಮೇಲೆ, ನದಿ ಇರುವುದು ತಗ್ಗಿನಲ್ಲಿ. ಇವೆರಡರ ನಡುವಿನ ಏರು ಹತ್ತಿರ ಹತ್ತಿರ 500 ಮೀಟರು.

ಒಂದು ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲೇ ಸುಮಾರು 1.4 ಯೂನಿಟ್ ವಿದ್ಯುತ್ತು ಬೇಕು. ಯಾವ ಪಂಪೂ ಪೂರ್ಣ ದಕ್ಷವಲ್ಲ, ಉದ್ದದ ಕೊಳವೆಯಲ್ಲಿ ಘರ್ಷಣೆಯೂ ಇದೆ. ಅದನ್ನೆಲ್ಲ ಸೇರಿಸಿ ಎರಡು ಯೂನಿಟ್ ಎಂದುಕೊಂಡರೆ ಹೆಚ್ಚಲ್ಲ. ನಮ್ಮ ನಾಲ್ಕು ಜನರ ಮನೆಯ ಹದಿನಾರು ಸಾವಿರ ಲೀಟರಿಗೆ ತಿಂಗಳಿಗೆ ಮೂವತ್ತು ಯೂನಿಟ್ಟಿನ ಮೇಲಾಯಿತು. ಇದನ್ನು ದೀಪದ ಜೊತೆ ಹೋಲಿಸಿ ನೋಡಿ. ಒಂಬತ್ತು ವಾಟ್‌ನ ಹತ್ತು ಎಲ್‌ಇಡಿ ಬಲ್ಬುಗಳು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಆಗುವುದು ಹದಿಮೂರೂವರೆ ಯೂನಿಟ್. ಕೋಣೆಯಿಂದ ಹೊರಬರುವಾಗ ದೀಪ ಆರಿಸು ಎಂದು ಮಕ್ಕಳಿಗೆ ದಿನವೂ ಹೇಳುತ್ತೇವೆ, ಹೇಳಲೇಬೇಕು. ಆದರೆ ಆ ಎಲ್ಲ ದೀಪಗಳು ತಿನ್ನುವುದರ ಎರಡರಷ್ಟಕ್ಕೂ ಹೆಚ್ಚು ವಿದ್ಯುತ್ತನ್ನು ನೀರು ನಮ್ಮ ಬೀದಿಗೆ ಬರುವ ಮೊದಲೇ ತಿಂದಿರುತ್ತದೆ. ಅದು ನಮ್ಮ ವಿದ್ಯುತ್ ಬಿಲ್ಲಿನಲ್ಲಿ ಕಾಣುವುದಿಲ್ಲ, ಜಲಮಂಡಳಿಯ ಬಿಲ್ಲಿನಲ್ಲಿ ಕಾಣುತ್ತದೆ. ಮಂಡಳಿಯ ಖರ್ಚಿನಲ್ಲಿ ಬಹು ದೊಡ್ಡ ಪಾಲು ಇದೇ. ಬೀದಿಗೆ ಬಂದ ನೀರು ಸಂಪಿಗೆ ಬಿದ್ದು, ಅಲ್ಲಿಂದ ಮೋಟರು ಅದನ್ನು ಮತ್ತೊಮ್ಮೆ ಮಹಡಿಯ ಟ್ಯಾಂಕಿಗೆ ಎತ್ತುತ್ತದೆ. ಮೋಟರು ಹಾಕಿದ್ದು ಮರೆತು ಟ್ಯಾಂಕು ತುಂಬಿ ಸುರಿದಾಗ, ನೂರು ಕಿಲೋಮೀಟರ್ ದೂರದಿಂದ ಹತ್ತಿಸಿ ತಂದ ನೀರು ಮೋರಿಗೆ ಹೋಗುತ್ತದೆ. ಟ್ಯಾಂಕು ತುಂಬಿದ ಕೂಡಲೆ ಮೋಟರು ತಾನೇ ನಿಲ್ಲುವ ಸಣ್ಣ ಉಪಕರಣ ಬಿದಿರಿನ ಬ್ರಷ್ಷಿನಷ್ಟು ಚೆಂದ ಕಾಣದು. ಆದರೆ ನನ್ನ ಪಟ್ಟಿಯಲ್ಲಿ ಅದಕ್ಕೆ ಬಹಳ ಮೇಲಿನ ಜಾಗ.

ಹಾಗಾದರೆ ನೀರಿನಲ್ಲಿ ಏನು ಮಾಡಬಹುದು? ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಎಂಬ ಬುದ್ಧಿಮಾತು ಎಲ್ಲರಿಗೂ ಗೊತ್ತು. ದಿನವೂ ನೆನಪಿಟ್ಟುಕೊಳ್ಳಬೇಕಾದ ಕೆಲಸಕ್ಕಿಂತ ಒಮ್ಮೆ ಮಾಡಿ ಮರೆಯಬಹುದಾದ ಕೆಲಸ ಹೆಚ್ಚು ಬಾಳುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ನಲ್ಲಿಯ ಬಾಯಿಗೆ ತಿರುಗಿಸಿ ಹಾಕುವ ಏರೇಟರ್ ನೀರಿಗೆ ಗಾಳಿ ಬೆರೆಸಿ, ಕೈಗೆ ಅದೇ ಧಾರೆಯ ಅನುಭವ ಕೊಟ್ಟು, ಹರಿಯುವ ನೀರನ್ನು ಅರ್ಧಕ್ಕೂ ಕಡಿಮೆ ಮಾಡಬಲ್ಲದು. 2024ರ ಬೇಸಿಗೆಯ ಬರದಲ್ಲಿ ಜಲಮಂಡಳಿ ಹೋಟೆಲು, ಕಚೇರಿ, ಅಪಾರ್ಟ್‌ಮೆಂಟುಗಳಿಗೆ ಇದನ್ನು ಕಡ್ಡಾಯ ಮಾಡಿತು. ಬರವಿಲ್ಲದ ವರ್ಷವೂ ಅದು ಅಷ್ಟೇ ಉಳಿಸುತ್ತದೆ. ಹಳೆಯ ಫ್ಲಷ್ ಟ್ಯಾಂಕು ಒಂದೇ ಸಲಕ್ಕೆ ಹತ್ತು ಲೀಟರ್ ಸುರಿಯುತ್ತದೆ; ಎರಡು ಗುಂಡಿಯ ಹೊಸದು ಮೂರು ಅಥವಾ ಆರು. ಇನ್ನು ಆರ್‌ಓ ಯಂತ್ರ. ಒಂದು ಲೀಟರ್ ಕುಡಿಯುವ ನೀರು ಕೊಡಲು ಮನೆಬಳಕೆಯ ಬಹಳಷ್ಟು ಯಂತ್ರಗಳು ಎರಡು ಮೂರು ಲೀಟರನ್ನು ಹೊರಗೆ ಬಿಡುತ್ತವೆ. ನೀರಿನಲ್ಲಿ ಕರಗಿರುವ ಲವಣಾಂಶ ಲೀಟರಿಗೆ 500 ಮಿಲಿಗ್ರಾಂವರೆಗೆ ಇದ್ದರೆ ಕುಡಿಯಲು ತಕ್ಕದ್ದು ಎಂಬುದು ಭಾರತೀಯ ಮಾನಕ. ಕಾವೇರಿ ನೀರು ಸಾಮಾನ್ಯವಾಗಿ ಆ ಮಿತಿಯೊಳಗೇ ಇರುತ್ತದೆ. ಅಂಥ ನೀರಿಗೆ ಸೋಸಿ ಕಾಯಿಸುವುದೋ ಯುವಿ ಫಿಲ್ಟರೋ ಸಾಕು. ಬೋರ್‌ವೆಲ್ಲಿನ ಗಡಸು ನೀರು ಕುಡಿಯುವ ಮನೆಗೆ ಆರ್‌ಓ ಬೇಕಾಗಬಹುದು. ಅವರು ಯಂತ್ರ ಬಿಡುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಬಹುದು. ನಮ್ಮ ಮನೆಯ ನೀರು ಯಾವುದು ಎಂದು ಮೊದಲು ಪರೀಕ್ಷೆ ಮಾಡಿಸಿಕೊಂಡು ಯಂತ್ರ ಕೊಳ್ಳುವವರು ಎಷ್ಟು ಜನ?

ಮಳೆನೀರಿನ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಸರಾಸರಿ ಸುಮಾರು 970 ಮಿಲಿಮೀಟರ್. ನೂರು ಚದರ ಮೀಟರಿನ ಮಹಡಿಯ ಮೇಲೆ ವರ್ಷಕ್ಕೆ 97,000 ಲೀಟರ್ ಬೀಳುತ್ತದೆ. ಐದನೆಯ ಒಂದು ಪಾಲು ಆವಿಯಾಗಿ, ಚೆಲ್ಲಿ ಹೋಯಿತು ಎಂದರೂ ಎಪ್ಪತ್ತೇಳು ಸಾವಿರ ಲೀಟರ್ ಉಳಿಯುತ್ತದೆ. ನಮ್ಮ ಕುಟುಂಬದ ವರ್ಷದ ಬೇಡಿಕೆಯಲ್ಲಿ ಇದು ಐದರಲ್ಲಿ ಎರಡು ಪಾಲು. ಮಳೆ ಬೀಳುವುದು ಕೆಲವೇ ತಿಂಗಳು, ಸಂಪು ಹಿಡಿಯುವುದು ಕೆಲವೇ ಸಾವಿರ ಲೀಟರ್, ಆದ್ದರಿಂದ ಅಷ್ಟೂ ನೀರು ಬಳಕೆಗೆ ಸಿಗದು; ಮಿಕ್ಕಿದ್ದು ಇಂಗುಗುಂಡಿಗೆ ಇಳಿದು ನೆಲ ಸೇರಬೇಕು. ನಗರದಲ್ಲಿ ದೊಡ್ಡ ನಿವೇಶನಗಳ ಮನೆಗಳಿಗೂ ಹೊಸದಾಗಿ ಕಟ್ಟುವ ಮನೆಗಳಿಗೂ ಮಳೆಕೊಯ್ಲು ಕಡ್ಡಾಯ ಎಂದು 2009ರಲ್ಲೇ ಕಾನೂನು ತಿದ್ದಲಾಯಿತು. ಮಳೆಕೊಯ್ಲಿನ ವಿಜ್ಞಾನಿ ಎ.ಆರ್. ಶಿವಕುಮಾರ್ ವಿಜಯನಗರದಲ್ಲಿ 1990ರ ದಶಕದಲ್ಲಿ ಕಟ್ಟಿದ ಮನೆ ಮಳೆನೀರಿನಿಂದಲೇ ದಶಕಗಳ ಕಾಲ ನಡೆದುಬಂದಿದೆ. ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲಿನ ಉದ್ಯಾನವೇ ಇದೆ. ಯಾವ ಫಿಲ್ಟರು, ಎಷ್ಟು ಆಳದ ಗುಂಡಿ ಎಂದು ಅಲ್ಲಿ ಕಣ್ಣಾರೆ ನೋಡಿ ಬರಬಹುದು. ಆದರೂ ಬಹಳಷ್ಟು ಮನೆಗಳಲ್ಲಿ ಕೊಳವೆ ಇರುವುದು ಪರಿಶೀಲನೆಗೆ ತೋರಿಸಲು ಮಾತ್ರ. ಫಿಲ್ಟರಿನ ಒಳಗೆ ಎಲೆ, ಧೂಳು ಕಟ್ಟಿಕೊಂಡು ಅದು ಎಂದೋ ಸತ್ತಿರುತ್ತದೆ. ಮುಂಗಾರಿನ ಮೊದಲು ಒಂದು ಬೆಳಿಗ್ಗೆ ಮಹಡಿ ಗುಡಿಸಿ ಫಿಲ್ಟರು ತೊಳೆದರೆ ಆ ವರ್ಷದ ಕೆಲಸ ಮುಗಿಯಿತು.

ನೀರಿನ ಜೊತೆಗೇ ಬರುವುದು ಬಿಸಿನೀರು. ಎಂಬತ್ತು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿ ಬಿಸಿ ಮಾಡಲು ಒಂದೂಮುಕ್ಕಾಲು ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು ಬೇಕು. ನಾಲ್ಕು ಜನ ಬಕೆಟ್ಟಿನಲ್ಲಿ ಸ್ನಾನ ಮಾಡಿದರೂ ಗೀಸರಿನ ಖರ್ಚು ತಿಂಗಳಿಗೆ ಐವತ್ತು ಯೂನಿಟ್ ದಾಟುತ್ತದೆ. ಶವರಿನಡಿ ನಿಂತರೆ ಕೇಳುವುದೇ ಬೇಡ. ಬೆಂಗಳೂರಿನ ಮಹಡಿಗಳ ಮೇಲೆ ಸೌರ ಹೀಟರುಗಳು ಇಷ್ಟೊಂದು ಕಾಣುವುದಕ್ಕೆ ಸರ್ಕಾರದ ನಿಯಮ, ಬಿಲ್ಲಿನಲ್ಲಿ ಸಿಗುವ ರಿಯಾಯಿತಿ, ವರ್ಷದ ಬಹುಪಾಲು ಸಿಗುವ ಬಿಸಿಲು ಮೂರೂ ಕಾರಣ. ಇದು ಸದ್ದಿಲ್ಲದೆ ಗೆದ್ದಿರುವ ಒಂದು ಒಳ್ಳೆಯ ಬದಲಾವಣೆ. ಇದರಲ್ಲೂ ಒಂದು ತೊಡಕಿದೆ. ಮಹಡಿಯಿಂದ ಬಚ್ಚಲಿಗೆ ಬರುವ ಉದ್ದದ ಕೊಳವೆಯಲ್ಲಿ ರಾತ್ರಿಯೆಲ್ಲ ನಿಂತು ತಣ್ಣಗಾದ ನೀರನ್ನು ಬಿಸಿನೀರು ಬರುವ ತನಕ ಹಾಗೇ ಹರಿಯಬಿಡುತ್ತೇವೆ. ಸೂರ್ಯನಿಂದ ಉಳಿಸಿದ ವಿದ್ಯುತ್ತಿನ ಒಂದು ಪಾಲನ್ನು ಕಾವೇರಿಯ ಏರಿಗೆ ತೆತ್ತ ಹಾಗಾಯಿತು. ನಲ್ಲಿಯ ಕೆಳಗೆ ಒಂದು ಬಕೆಟ್ ಇಟ್ಟರೆ, ಕೊಳವೆಗೆ ಶಾಖ ಆರದ ಹೊದಿಕೆ ಸುತ್ತಿಸಿದರೆ ಈ ತೊಡಕು ಹೋಗುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಸೊನ್ನೆ ಬಿಲ್ಲು ಬರುವ ಮನೆಗಳಲ್ಲಿ ಇಷ್ಟು ಲೆಕ್ಕ ಏಕೆ ಎಂದು ಕೇಳುವವರಿದ್ದಾರೆ. ಬಡ ಮನೆಗೆ ಆ ಬಿಲ್ಲು ದೊಡ್ಡ ಆಸರೆ. ಆದರೆ ಬಿಲ್ಲು ಸೊನ್ನೆಯಾದರೆ ಯೂನಿಟ್ ಸೊನ್ನೆಯಾಗುವುದಿಲ್ಲ. ಉರಿಯುವ ಕಲ್ಲಿದ್ದಲು ಎಲ್ಲೋ ಉರಿಯುತ್ತಲೇ ಇರುತ್ತದೆ. ಬಿಲ್ಲಿನ ಹಣದ ಕಾಲಂ ಬಿಟ್ಟು ಯೂನಿಟ್ಟಿನ ಕಾಲಂ ಓದುವ ಅಭ್ಯಾಸ ಈಗಲೇ ಬೇಕಾಗಿರುವುದು.

ಇನ್ನು ಮನೆಯಿಂದ ಹೊರಗೆ ಹೋಗುವುದರ ಮಾತು. ಬಂದ ನೀರಿನಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ಬಚ್ಚಲು, ಪಾಯಿಖಾನೆ, ಸಿಂಕುಗಳಿಂದ ಹೊರಹೋಗುತ್ತದೆ ಎಂಬುದು ಇಂಜಿನಿಯರುಗಳು ಇಟ್ಟುಕೊಂಡಿರುವ ಲೆಕ್ಕ. ಎಲ್ಲಿಗೆ? ಬೆಂಗಳೂರಿನ ದಕ್ಷಿಣ, ಪೂರ್ವ ಭಾಗಗಳ ಕೊಳಚೆ ಕೋರಮಂಗಲ–ಚಲ್ಲಘಟ್ಟ ಕಣಿವೆಗೆ ಇಳಿಯುತ್ತದೆ. ಶುದ್ಧೀಕರಣವಿಲ್ಲದೆ ಹರಿದ ಕಾಲದಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳಿಂದ ನೊರೆ ಎದ್ದು ರಸ್ತೆಗೆ ಹಾರಿದ್ದನ್ನೂ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದನ್ನೂ ಇಡೀ ದೇಶ ನೋಡಿತು. ಆ ನೊರೆಗೆ ಕಾರಣಗಳಲ್ಲಿ ಮುಖ್ಯವಾದದ್ದು ನಮ್ಮ ಬಟ್ಟೆಸೋಪಿನ ಪುಡಿಗಳಲ್ಲಿರುವ ರಾಸಾಯನಿಕ. 2018ರಿಂದ ಈ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರಕ್ಕೆ ಪಂಪು ಮಾಡಲಾಗುತ್ತಿದೆ. ಮೊದಲು ಲಕ್ಷ್ಮೀಸಾಗರ ಕೆರೆ, ಅಲ್ಲಿಂದ ಒಂದರ ನಂತರ ಒಂದಾಗಿ ನೂರಕ್ಕೂ ಹೆಚ್ಚು ಕೆರೆಗಳು. ವರ್ಷಗಟ್ಟಲೆ ಒಣಗಿ ಬಿರಿದಿದ್ದ ಕೆರೆಗಳಲ್ಲಿ ನೀರು ನಿಂತಿತು, ಬೋರ್‌ವೆಲ್ಲುಗಳು ಮತ್ತೆ ನೀರು ಕೊಟ್ಟವು. ಅದೇ ಹೊತ್ತಿಗೆ ಅಲ್ಲಿನ ರೈತರು, ಹೋರಾಟಗಾರರು ಮೂರನೆಯ ಹಂತದ ಶುದ್ಧೀಕರಣ ಬೇಕು ಎಂದು ಕೇಳುತ್ತಲೇ ಬಂದಿದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು. ಸರ್ಕಾರ ಅದನ್ನು ಮಾಡಲಿ, ಮಾಡಲೇಬೇಕು. ಅಲ್ಲಿಯವರೆಗೆ ಬೆಂಗಳೂರಿನ ಒಂದು ಮನೆಯಲ್ಲಿ ವಾಷಿಂಗ್ ಮೆಷಿನ್ನಿಗೆ ಎಷ್ಟು ಪುಡಿ ಸುರಿಯುತ್ತಾರೆ, ಹಳೆಯ ಮಾತ್ರೆಗಳನ್ನು, ಬಣ್ಣದ ಎಣ್ಣೆಯನ್ನು, ಆಸಿಡ್ಡನ್ನು ಎಲ್ಲಿ ಚೆಲ್ಲುತ್ತಾರೆ ಎಂಬುದು ಕೋಲಾರದ ಟೊಮೆಟೊ ತೋಟಕ್ಕೆ ಸಂಬಂಧಪಟ್ಟ ವಿಷಯ. ಪೊಟ್ಟಣದ ಮೇಲೆ ಬರೆದಿರುವ ಅಳತೆಗಿಂತ ಹೆಚ್ಚು ಪುಡಿ ಹಾಕಿದರೆ ಬಟ್ಟೆ ಹೆಚ್ಚು ಬೆಳ್ಳಗಾಗುವುದಿಲ್ಲ, ಜಾಲಿಸಲು ನೀರು ಮಾತ್ರ ಹೆಚ್ಚು ಬೇಕಾಗುತ್ತದೆ. ಪಾತ್ರೆಗೆ ಅಂಟುವಾಳ, ತಲೆಗೆ ಸೀಗೆಕಾಯಿ ನಮ್ಮವರಿಗೆ ಹೊಸದಲ್ಲ. ಎಲ್ಲರಿಗೂ ಎಲ್ಲ ದಿನವೂ ಸಾಧ್ಯವಾಗದಿರಬಹುದು, ಆದ ದಿನ ಆಗಲಿ.

ಕಸದ ಬುಟ್ಟಿಯ ದಾರಿ ಇದಕ್ಕಿಂತ ಕಠಿಣ. ಬೆಂಗಳೂರಿನ ಕಸವನ್ನು ವರ್ಷಾನುಗಟ್ಟಲೆ ಹೊತ್ತುಕೊಂಡದ್ದು ಮಾವಳ್ಳಿಪುರ, ಆಮೇಲೆ ಮಂಡೂರು. ಹಸಿ ಕಸ, ಒಣ ಕಸ, ಡಯಾಪರು, ಬ್ಯಾಟರಿ ಎಲ್ಲ ಒಟ್ಟಾಗಿ ರಾಶಿ ಬಿದ್ದು, ಅದರಿಂದ ಇಳಿದ ಕಪ್ಪು ರಸ ಆ ಹಳ್ಳಿಗಳ ಬಾವಿಗಳನ್ನು ಕೆಡಿಸಿತು. 2012ರಲ್ಲಿ ಮಾವಳ್ಳಿಪುರಕ್ಕೆ ಲಾರಿ ಹೋಗುವುದು ನಿಂತಿತು. 2014ರಲ್ಲಿ ಮಂಡೂರಿನ ಜನ ದಾರಿಗೆ ಅಡ್ಡ ನಿಂತರು. ವರ್ಷದ ಕೊನೆಗೆ ಅಲ್ಲಿಯೂ ನಿಂತಿತು. ಕಸದ ವಿಂಗಡಣೆ ಮೂಲದಲ್ಲೇ ಆಗಬೇಕು ಎಂದು ಹೈಕೋರ್ಟು ಆದೇಶಿಸಿತು, ಎರಡು ಬುಟ್ಟಿ ಒಂದು ಚೀಲದ ಪದ್ಧತಿ ಬಂತು, 2016ರಲ್ಲಿ ಕೇಂದ್ರದ ನಿಯಮವೂ ಅದನ್ನೇ ಹೇಳಿತು. ಇದರ ಹಿಂದಿನ ಕಾರಣ ಬಹಳ ಸರಳ. ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಹಸಿ ಕಸದ್ದು: ತರಕಾರಿ ಸಿಪ್ಪೆ, ಕಾಫಿ ಚರಟ, ಮಿಕ್ಕಿದ ಅನ್ನ. ಗಾಳಿಯಾಡದ ರಾಶಿಯ ಅಡಿಯಲ್ಲಿ ಕೊಳೆತರೆ ಇದು ಮೀಥೇನ್ ಆಗುತ್ತದೆ. ನೂರು ವರ್ಷದ ಲೆಕ್ಕದಲ್ಲೂ ಇಂಗಾಲದ ಡೈ ಆಕ್ಸೈಡಿಗಿಂತ ಇಪ್ಪತ್ತೇಳು ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುವ ಅನಿಲ ಅದು. ಗಾಳಿಯಾಡುವ ಮಡಕೆಯಲ್ಲಿ ಕೊಳೆತರೆ ಇದೇ ಸಿಪ್ಪೆ ಗೊಬ್ಬರ. ಬೆಂಗಳೂರಿನಲ್ಲಿ ಕಸದಿಂದ ಗೊಬ್ಬರ ಮಾಡಲೆಂದೇ 1975ರಲ್ಲಿ ಒಂದು ನಿಗಮ ಸ್ಥಾಪನೆಯಾಯಿತು, ಅಂದರೆ ತಿಳಿವಳಿಕೆ ನಮಗೆ ಐವತ್ತು ವರ್ಷ ಹಳೆಯದು. ಮನೆಯ ಗೊಬ್ಬರದ ಮಡಕೆ ವಾಸನೆ ಬರುತ್ತದೆ, ಹುಳು ಬೀಳುತ್ತದೆ ಎಂದು ಬಿಟ್ಟವರು ಬಹಳ. ವಾಸನೆ ಬರುವುದು ತೇವ ಹೆಚ್ಚಾಗಿ ಗಾಳಿ ಕಡಿಮೆಯಾದಾಗ. ಪ್ರತಿ ಪದರ ಸಿಪ್ಪೆಯ ಮೇಲೆ ಅಷ್ಟೇ ಒಣ ಎಲೆಯೋ ತೆಂಗಿನ ನಾರಿನ ಪುಡಿಯೋ ಹಾಕಿದರೆ, ಮೊದಲಿಗೆ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿದರೆ ವಾಸನೆ ನಿಲ್ಲುತ್ತದೆ. ಒಣ ಎಲೆಗೆ ಬೆಂಗಳೂರಿನಲ್ಲಿ ಬರವೇ? ಮಾಘ, ಫಾಲ್ಗುಣಗಳಲ್ಲಿ ಬೀದಿ ಬೀದಿಯಲ್ಲಿ ಗುಡಿಸಿ ಬೆಂಕಿ ಇಡುತ್ತಾರೆ. ಆ ಹೊಗೆಯನ್ನು ಎರಡು ಗೋಣಿಚೀಲದಲ್ಲಿ ತಡೆಯಬಹುದು. ಮಡಕೆ ಇಡಲು ಜಾಗವಿಲ್ಲದ ಮನೆ ಹಸಿ ಕಸವನ್ನು ಬೇರೆ ಮಾಡಿ ಕೊಟ್ಟರೂ ಕೆಲಸದ ಮುಕ್ಕಾಲು ಪಾಲು ಆಯಿತು. ಎಲ್ಲಕ್ಕೂ ಮೊದಲಿನದು ಕಸವಾಗದಂತೆ ನೋಡಿಕೊಳ್ಳುವುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ವ್ಯರ್ಥವಾಗುತ್ತದೆ. ಒಂದು ಕಿಲೋ ಅಕ್ಕಿ ಬೆಳೆಯಲು ಸುಮಾರು ಎರಡೂವರೆ ಸಾವಿರ ಲೀಟರ್ ನೀರು ಬೇಕು. ತಟ್ಟೆಯಲ್ಲಿ ಬಿಟ್ಟ ಅನ್ನದಲ್ಲಿ ಮಂಡ್ಯದ ನಾಲೆಯ ನೀರೂ ಇದೆ.

ಇಷ್ಟೆಲ್ಲ ಸರಿ, ಒಂದು ಮನೆಯಿಂದ ಏನಾದೀತು ಎಂಬುದು ಎಲ್ಲರೂ ಎತ್ತುವ ಆಕ್ಷೇಪ. ಜಲಮಂಡಳಿಯ ಕೊಳವೆಗಳಲ್ಲೇ ಕಾಲು ಪಾಲಿಗಿಂತ ಹೆಚ್ಚು ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಕಾರ್ಖಾನೆಗಳ, ಥರ್ಮಲ್ ಸ್ಥಾವರಗಳ ಮುಂದೆ ನಮ್ಮ ಗೀಸರು ಯಾವ ಲೆಕ್ಕ? ಈ ಆಕ್ಷೇಪದಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕಬಾರದು. ವಿದ್ಯುತ್ತು ಯಾವುದರಿಂದ ಹುಟ್ಟಬೇಕು, ಕೊಳವೆ ಯಾವಾಗ ಬದಲಾಗಬೇಕು ಎಂಬುದನ್ನು ಒಂದು ಕುಟುಂಬ ತೀರ್ಮಾನಿಸಲಾರದು. ಅದಕ್ಕೆ ಮತ ಬೇಕು, ಮನವಿ ಬೇಕು, ಒತ್ತಾಯ ಬೇಕು. ಆದರೆ ಮನೆ ಬಿಟ್ಟರೆ ಬೇರೆ ಯಾರೂ ಮಾಡಲಾರದ ಕೆಲವು ಕೆಲಸಗಳಿವೆ. ಕಸದ ವಿಂಗಡಣೆ ಅಂಥದ್ದು. ಬುಟ್ಟಿಯಲ್ಲಿ ಒಮ್ಮೆ ಸಾರು, ಪ್ಲಾಸ್ಟಿಕ್ಕು, ಸ್ಯಾನಿಟರಿ ಪ್ಯಾಡು ಕಲೆತ ಮೇಲೆ ಅವನ್ನು ಪೂರ್ತಿ ಬೇರೆ ಮಾಡುವುದು ಯಂತ್ರದಿಂದ ಆಗದು. ಮಾಡುವುದು ಪೌರಕಾರ್ಮಿಕರ ಅಥವಾ ಕಸ ಆಯುವವರ ಬರಿಗೈ. ಹತ್ತು ಮನೆಯವರು ಬೇರೆ ಮಾಡಿ ಕೊಟ್ಟ ಹಸಿ ಕಸದ ಮೇಲೆ ಹನ್ನೊಂದನೆಯ ಮನೆಯವರು ಕಲೆತದ್ದನ್ನು ಸುರಿದರೆ ಆ ಗಾಡಿಯ ಕಸ ಗೊಬ್ಬರಕ್ಕೆ ಬಾರದು. ಹಾಗಾಗಿ ಇಲ್ಲಿ ಒಂದು ಮನೆಯ ತೂಕ ಅದರ ಕಸದ ತೂಕಕ್ಕಿಂತ ಬಹಳ ಹೆಚ್ಚು. ಆಟೊ ಟಿಪ್ಪರಿನವರೇ ಎಲ್ಲವನ್ನೂ ಒಂದಾಗಿ ಸುರಿಯುತ್ತಾರಲ್ಲ ಎಂಬ ದೂರು ಹಲವು ಬಡಾವಣೆಗಳಲ್ಲಿ ನಿಜ. ಆದರೆ ಬೇರೆ ಮಾಡಿ ಕೊಟ್ಟವರಿಗೆ ಮಾತ್ರ ಹಾಗೆ ಸುರಿಯಬೇಡಿ ಎಂದು ಕೇಳುವ ನೈತಿಕ ಹಕ್ಕು ಇರುತ್ತದೆ.

ನೀರಿಗೆ ಸಂಬಂಧಿಸಿದ ಇನ್ನೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು. ನಾವು ಉಳಿಸಿದ ನೀರು ಮತ್ತೊಂದು ಹೊಸ ಅಪಾರ್ಟ್‌ಮೆಂಟಿಗೆ ಹೋಗುತ್ತದೆ, ನದಿಯಲ್ಲಿ ಉಳಿಯುವುದಿಲ್ಲ ಎನ್ನುತ್ತಾರೆ. ಹೌದು, ಸದ್ಯಕ್ಕೆ ಹಾಗೆಯೇ. ಆದರೆ ಅದು ವ್ಯರ್ಥವೆಂದು ನಾನು ಒಪ್ಪುವುದಿಲ್ಲ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್ಲುಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಹೊರವಲಯದ ಜನ ಟ್ಯಾಂಕರಿಗೆ ಕೇಳಿದಷ್ಟು ಕೊಟ್ಟು ಕಾದರು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತದ ನೀರು, ದಿನಕ್ಕೆ 775 ದಶಲಕ್ಷ ಲೀಟರ್, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಹೊರಟಿತು. ಕಾವೇರಿಯಲ್ಲಿ ಬೆಂಗಳೂರಿಗೆ ಎಷ್ಟು ಬೇಕಾದರೂ ಸಿಗುತ್ತದೆ ಎಂದುಕೊಳ್ಳುವ ಹಾಗಿಲ್ಲ. 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ನಗರದ ಕುಡಿಯುವ ನೀರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ. ಸಾಕಷ್ಟು ನೀರಿರುವ ಮಲ್ಲೇಶ್ವರದ ಮನೆ ಕಡಿಮೆ ಬಳಸಿದ ನೀರು ಮಹದೇವಪುರದ ಅಂಚಿನ ಮನೆಯ ನಲ್ಲಿಗೆ ಬಂದು ಅಲ್ಲಿ ಒಂದು ಟ್ಯಾಂಕರ್ ತಪ್ಪಿದರೆ, ನೆಲದೊಳಗೆ ಸಾವಿರ ಅಡಿ ಕೊರೆಯುವುದು ತಪ್ಪಿದರೆ, ಅದು ಉಳಿತಾಯವೇ. ದುಡ್ಡು ಕೊಡುತ್ತೇನೆ, ಬೇಕಾದಷ್ಟು ಬಳಸುತ್ತೇನೆ ಎಂಬುವವರು ದುಡ್ಡಿನಿಂದ ನೀರು ಹುಟ್ಟುವುದಿಲ್ಲ ಎಂಬುದನ್ನು ಆ ಬೇಸಿಗೆಯಲ್ಲಿ ಕಂಡಿದ್ದಾರೆ.

ಹಿಂದಿನವರು ಹೀಗೆಯೇ ಬದುಕಿದ್ದರು, ನಾವು ಹಿಂದಕ್ಕೆ ಹೋದರೆ ಸಾಕು ಎಂಬ ಮಾತು ಕೇಳಲು ಹಿತ. ಅದರಲ್ಲಿ ಅರ್ಧ ಮಾತ್ರ ನಿಜ. ಆ ಬದುಕು ಹಗುರವಾಗಿದ್ದುದು ಹೆಂಗಸರ ಬೆನ್ನಿನ ಮೇಲೆ. ಬಾವಿಯಿಂದ ಸೇದಿ ಹೊತ್ತವರು ಅವರು, ಸೌದೆ ಒಲೆಯ ಹೊಗೆ ಕುಡಿದವರು ಅವರು. ಇದಕ್ಕೆ ಒಳ್ಳೆಯ ಉತ್ತರ ಕೊಟ್ಟದ್ದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೇ. 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಅಲ್ಲಿ ಶುರುವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ, ಸೌದೆಯನ್ನೂ ಹೊಗೆಯನ್ನೂ ಒಟ್ಟಿಗೆ ಕಡಿಮೆ ಮಾಡುವ ಒಲೆಯನ್ನು ರೂಪಿಸಿತು. ಕರ್ನಾಟಕದ ಹಳ್ಳಿಗಳಲ್ಲಿ ಅಸ್ತ್ರ ಒಲೆ ಎಂಬ ಹೆಸರು ಇಂದಿಗೂ ನೆನಪಿದೆ. ಕಾಡೂ ಉಳಿಯಬೇಕು, ಅಡುಗೆ ಮಾಡುವವಳ ಕಣ್ಣೂ ಉಳಿಯಬೇಕು ಎಂಬ ಅಳತೆಗೋಲು ಅಲ್ಲಿತ್ತು. ನಗರದ ಕುಟುಂಬಕ್ಕೂ ಅದೇ ಅಳತೆ ಬೇಕು. ಏಕೆಂದರೆ ನಾನು ಇಲ್ಲಿಯವರೆಗೆ ಹೇಳಿದ ಎಷ್ಟೋ ಕೆಲಸಗಳು, ಗೊಬ್ಬರದ ಮಡಕೆ, ಆರ್‌ಓ ನೀರಿನ ಬಕೆಟ್ಟು, ಕಸದ ಬುಟ್ಟಿಗಳು, ಸದ್ದಿಲ್ಲದೆ ಮನೆಯ ಹೆಣ್ಣಿನ ದಿನಕ್ಕೆ ಸೇರಿಕೊಳ್ಳುತ್ತವೆ, ಅಥವಾ ಮನೆಗೆಲಸಕ್ಕೆ ಬರುವವಳ ದಿನಕ್ಕೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಕೂಲಿಯಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡುತ್ತಾರೆ. ಈ ಅಂತರವನ್ನು ಇನ್ನಷ್ಟು ಹಿಗ್ಗಿಸುವ ಯಾವ ಪರಿಸರ ಪ್ರೇಮವೂ ಬಹುಕಾಲ ಬಾಳುವುದಿಲ್ಲ, ಬಾಳಲೂ ಬಾರದು. ಒಮ್ಮೆ ಮಾಡಿ ಮುಗಿಸುವ ಕೆಲಸಕ್ಕೆ ನಾನು ಅಷ್ಟು ಒತ್ತು ಕೊಟ್ಟದ್ದಕ್ಕೆ ಇದೂ ಕಾರಣ. ಉಳಿದ ದಿನನಿತ್ಯದ ಕೆಲಸದಲ್ಲಿ ಕಸದ ಬುಟ್ಟಿ, ಮಡಕೆ, ಟ್ಯಾಂಕು ಮನೆಯ ಗಂಡಸರ ಪಾಲಿಗೆ ಬರಲಿ ಎಂದು ನೇರವಾಗಿ ಹೇಳುತ್ತೇನೆ.

ಬಾಡಿಗೆ ಮನೆಯವರು ಸೌರ ಹೀಟರು ಹಾಕಿಸಲಾರರು, ಇಂಗುಗುಂಡಿ ತೋಡಲಾರರು. ಎರಡು ಕೋಣೆಯಲ್ಲಿ ಐದಾರು ಜನ ಇರುವ ಮನೆ, ದಿನ ಬಿಟ್ಟು ದಿನ ಬರುವ ನೀರನ್ನು ಕೊಡದಲ್ಲಿ ಹಿಡಿದಿಡುವ ಮನೆ 135 ಲೀಟರಿನ ಹತ್ತಿರಕ್ಕೂ ಬರುವುದಿಲ್ಲ. ಅವರಿಗೆ ಮಿತವ್ಯಯದ ಪಾಠ ಹೇಳುವ ಅಗತ್ಯವೂ ಇಲ್ಲ, ಅಧಿಕಾರವೂ ನಮಗಿಲ್ಲ. ಈ ಮಾತೆಲ್ಲ ಇರುವುದು ಸಂಪು, ಮೋಟರು, ಶವರು, ಎರಡು ಮೂರು ಬಚ್ಚಲು ಇರುವ ಮನೆಗಳಿಗೆ. ಅಂಥ ಮನೆಗಳಲ್ಲಿ ಒಂದು ದೊಡ್ಡ ಪಾಲು ಅಪಾರ್ಟ್‌ಮೆಂಟಿನಲ್ಲಿದೆ. ಅಲ್ಲಿ ಇಡೀ ಕಟ್ಟಡಕ್ಕೆ ಜಲಮಂಡಳಿಯ ಮೀಟರು ಒಂದೇ; ಎಷ್ಟೋ ಕಡೆ ಆ ಬಿಲ್ಲೂ ಟ್ಯಾಂಕರಿನ ಬಿಲ್ಲೂ ಚದರ ಅಡಿಯ ಲೆಕ್ಕದಲ್ಲಿ ಹಂಚಿಹೋಗುತ್ತವೆ. ಇಬ್ಬರೇ ವಯಸ್ಸಾದವರಿರುವ ಮನೆಯೂ ದಿನವೂ ಕಾರು ತೊಳೆಯುವ ಮನೆಯೂ ಒಂದೇ ಹಣ ಕೊಡುತ್ತವೆ. ಯಾರಿಗೂ ತಮ್ಮ ಲೀಟರು ಎಷ್ಟೆಂದು ಗೊತ್ತಿಲ್ಲ. ಪ್ರತಿ ಫ್ಲಾಟಿಗೂ ಬೇರೆ ನೀರಿನ ಮೀಟರು ಹಾಕುವುದು ಕಷ್ಟವಲ್ಲ. ಹಳೆಯ ಕಟ್ಟಡಗಳಲ್ಲಿ ಒಂದೊಂದು ಬಚ್ಚಲಿಗೂ ನೀರು ಬೇರೆ ಕೊಳವೆಯಲ್ಲಿ ಇಳಿಯುವುದರಿಂದ ಒಂದು ಮನೆಗೆ ಮೂರು ನಾಲ್ಕು ಮೀಟರು ಬೇಕಾಗುತ್ತದೆ, ಖರ್ಚು ಸ್ವಲ್ಪ ಹೆಚ್ಚು. ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಬಣ್ಣ ಬಳಿಸುವ ಖರ್ಚಿನ ಮಾತು ಬರುವ ಮೊದಲು ಈ ಮೀಟರಿನ ಠರಾವು ಬರಲಿ. ಅದು ಪಾಸಾಗುವ ತನಕ ಟ್ಯಾಂಕು ತುಂಬುವ ಮೋಟರು ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂದು ಕಾವಲುಗಾರರ ಪುಸ್ತಕದಲ್ಲಿ ಬರೆಸಿ, ಆ ಪುಟವನ್ನು ತಿಂಗಳಿಗೊಮ್ಮೆ ಲಿಫ್ಟಿನ ಪಕ್ಕದ ಫಲಕಕ್ಕೆ ಅಂಟಿಸಬಹುದು. ಇದಕ್ಕೆ ಯಾರ ಅನುಮತಿಯೂ ಬೇಡ, ನಾಳೆಯೇ ಶುರು ಮಾಡಬಹುದು.